ನಾಯಿಮರಿಗೂ ಹೃದ್ರೋಗವೇ?

'ಡಾಕ್ಟ್ರೇ, ನಮ್ಮ ಮರಿಯ ಎದೆ ಮೇಲೆ ಕೈಯಿಟ್ಟರೆ ಗುರ್ ಅಂತ ನಡುಗುತ್ತೆ, ಯಾಕೆ?' ತಾಯಿಯ ಬಿ.ಪಿ. ಪರೀಕ್ಷೆಗೆ ಜತೆಯಲ್ಲಿ ಬಂದಿದ್ದ ಹುಡುಗಿ ಕೇಳಿದಳು. ಮೂರು ತಿಂಗಳ ಪೊಮೆರೇನಿಯನ್ ಮರಿ. ನಾನು ಮನುಷ್ಯರ ವೈದ್ಯ. 'ತಡಮಾಡದೆ ಪಶುವೈದ್ಯರಿಗೆ ತೋರಿಸಮ್ಮ' ಎಂದೆ.

ನಾಯಿಯ ಹೃದಯಕ್ಕೂ ನಮ್ಮಂತೆಯೇ ನಾಲ್ಕು ಕೋಣೆ, ನಾಲ್ಕು ಕವಾಟ. ಹುಟ್ಟಿನಿಂದ ಬರುವ ದೋಷಗಳೂ ಬಹುಮಟ್ಟಿಗೆ ಅವೇ. ಗರ್ಭದಲ್ಲಿರುವ ಮರಿ ಉಸಿರಾಡುವುದಿಲ್ಲ. ಆದ್ದರಿಂದ ರಕ್ತವು ಶ್ವಾಸಕೋಶಕ್ಕೆ ಹೋಗದೆ ದಾಟಿಕೊಳ್ಳಲು, ಮಹಾಪಧಮನಿಗೂ ಶ್ವಾಸಕೋಶದ ಅಪಧಮನಿಗೂ ನಡುವೆ ಪುಟ್ಟ ನಾಳವೊಂದಿರುತ್ತದೆ. ಹುಟ್ಟಿದ ಕೆಲವೇ ದಿನಗಳಲ್ಲಿ ಅದು ಮುಚ್ಚಬೇಕು. ಮುಚ್ಚದಿದ್ದರೆ ದೇಹಕ್ಕೆ ಹೋಗಬೇಕಾದ ರಕ್ತದ ಒಂದು ಪಾಲು ಮತ್ತೆ ಶ್ವಾಸಕೋಶಕ್ಕೇ ಹರಿದು, ಹೃದಯದ ಎಡಭಾಗ ದಣಿಯುತ್ತದೆ. ಸ್ಟೆತಾಸ್ಕೋಪ್ ಇಟ್ಟರೆ ಬಿಡುವಿಲ್ಲದೆ ಓಡುವ ಯಂತ್ರದಂಥ ಸದ್ದು! ಪೊಮೆರೇನಿಯನ್, ಪೂಡಲ್‌ನಂಥ ಸಣ್ಣ ತಳಿಗಳಲ್ಲಿ, ಅದರಲ್ಲೂ ಹೆಣ್ಣುಮರಿಗಳಲ್ಲಿ ಇದು ಹೆಚ್ಚು. ಚಿಕಿತ್ಸೆ ಸಿಗದ ಹಲವು ಮರಿಗಳು ವರ್ಷ ತುಂಬುವುದರೊಳಗೆ ಸಾಯುತ್ತವೆ. ಸಕಾಲದಲ್ಲಿ ನಾಳವನ್ನು ಕಟ್ಟಿದರೆ ಬಹುತೇಕ ಮರಿಗಳು ಚೆನ್ನಾಗಿ ಬಾಳುತ್ತವೆ. 1938ರಲ್ಲಿ ಬಾಸ್ಟನ್ನಿನಲ್ಲಿ ಡಾ. ರಾಬರ್ಟ್ ಗ್ರಾಸ್ ಏಳು ವರ್ಷದ ಬಾಲಕಿಗೆ ಮಾಡಿದ್ದೂ ಇದೇ ಶಸ್ತ್ರಚಿಕಿತ್ಸೆ.

ಇನ್ನೊಂದು ಅಪಾಯ ಸೋಂಕು. ಗೋಲ್ಡನ್ ರಿಟ್ರೀವರ್, ರಾಟ್‌ವೀಲರ್, ಬಾಕ್ಸರ್ ಮುಂತಾದ ತಳಿಗಳಲ್ಲಿ ಮಹಾಪಧಮನಿಯ ಕವಾಟದ ಕೆಳಗೆ ಹುಟ್ಟಿನಿಂದಲೇ ದಾರಿ ಇಕ್ಕಟ್ಟಾಗಿರುವುದುಂಟು. ಅಲ್ಲಿಂದ ರಭಸವಾಗಿ ನುಗ್ಗುವ ರಕ್ತ ಕವಾಟದ ನಯವಾದ ಒಳಪದರವನ್ನು ಕೆಡಿಸುತ್ತದೆ. ದೇಹದ ಬೇರೆಡೆಯ ಸೋಂಕಿನಿಂದ ರಕ್ತಕ್ಕೆ ಸೇರಿದ ಬ್ಯಾಕ್ಟೀರಿಯಾಗಳು ಅಲ್ಲಿ ನೆಲೆಯೂರಿ ಕವಾಟವನ್ನೇ ತಿನ್ನುತ್ತವೆ. ಗುಣವಾಗುವುದು ಸುಲಭವಲ್ಲ, ವಾರಗಟ್ಟಲೆ ಚಿಕಿತ್ಸೆ ಬೇಕು.

ನೀವು ಗಮನಿಸಬೇಕಾದ ಲಕ್ಷಣಗಳಿವು: ಸ್ವಲ್ಪ ಆಡಿದರೂ ಏದುಸಿರು, ಕೆಮ್ಮು, ಬೆಳವಣಿಗೆ ಕುಂಠಿತ, ತಲೆಸುತ್ತಿ ಬೀಳುವುದು. ಬಿಟ್ಟುಬಿಟ್ಟು ಜ್ವರ, ಊಟ ಬಿಡುವುದು, ತೂಕ ಇಳಿಯುವುದು, ಇಂದು ಒಂದು ಕಾಲು ನಾಳೆ ಮತ್ತೊಂದು ಕಾಲು ಕುಂಟುವುದು ಕಂಡರೆ ಸೋಂಕನ್ನು ಶಂಕಿಸಿ.

ದಯವಿಟ್ಟು ಮನೆಯಲ್ಲಿ ಉಳಿದ ಮಾತ್ರೆಗಳನ್ನು ನಾಯಿಗೆ ಹಾಕಬೇಡಿ. ಆಂಟಿಬಯೋಟಿಕ್ ಕೊಟ್ಟುಬಿಟ್ಟರೆ ರಕ್ತಪರೀಕ್ಷೆಯಲ್ಲಿ ರೋಗಾಣು ಸಿಕ್ಕದೇ ಹೋಗಬಹುದು. ನಮ್ಮ ನೋವಿನ ಮಾತ್ರೆ ಐಬುಪ್ರೊಫೆನ್ ಅಂತೂ ನಾಯಿಗೆ ವಿಷ. ಮರಿ ತರುವ ಮುನ್ನ ಅದರ ಎದೆಯನ್ನು ಪಶುವೈದ್ಯರಿಂದ ಪರೀಕ್ಷಿಸಿ. ದೋಷವಿರುವ ನಾಯಿಯಿಂದ ಮರಿ ಮಾಡಿಸಬೇಡಿ. ಇಂಥ ದೋಷಗಳು ವಂಶಪಾರಂಪರ್ಯವಾಗಿ ಬರಬಹುದು.

ಮೂರು ತಿಂಗಳ ಬಳಿಕ ತಾಯಿಯೊಡನೆ ಬಂದ ಆ ಹುಡುಗಿ ಹೇಳಿದಳು: 'ಆಪರೇಷನ್ ಆಯ್ತು ಡಾಕ್ಟ್ರೇ. ಈಗ ಕೈಯಿಟ್ಟರೆ ಬರೀ ಲಬ್ ಡಬ್!' ಅವಳ ಕೈ ಗುರುತಿಸಿದ್ದರಿಂದಲೇ ಮರಿ ಉಳಿಯಿತು. ನಿಮ್ಮ ನಾಯಿಯ ಎದೆಯ ಮೇಲೂ ಇಂದು ಒಮ್ಮೆ ಕೈಯಿಟ್ಟು ನೋಡಿ.