ಕಾರ್ಣಿಕದ ಗುಡ್ಡಕ್ಕೆ ಎರಡು ಕಡಲಿನ ಗಾಳಿ

ಆಯುಧಪೂಜೆಯ ಸಂಜೆ ಹಾವೇರಿ ಜಿಲ್ಲೆಯ ದೇವರಗುಡ್ಡದಲ್ಲಿ ಸೇರುವ ಜನಸಾಗರ ಕಾಯುವುದು ಒಂದೇ ಒಂದು ವಾಕ್ಯಕ್ಕಾಗಿ. ನವರಾತ್ರಿಯ ಉಪವಾಸ ಮುಗಿಸಿದ, ಮಾಲತೇಶ ದೇವರ ಭಕ್ತರಾದ ಗೊರವಯ್ಯ ಎತ್ತರದ ಬಿಲ್ಲನ್ನೇರಿ, ಮುಗಿಲತ್ತ ಮುಖವೆತ್ತಿ 'ಸದ್ದಲೇ' ಎಂದು ಗದರುತ್ತಾರೆ. ಡಮರುಗ, ಗಂಟೆ, ಮಕ್ಕಳ ಅಳು ಎಲ್ಲವೂ ನಿಲ್ಲುತ್ತವೆ. ನುಡಿ ಹೊರಬಿದ್ದ ಮರುಗಳಿಗೆಯೇ ಗೊರವಯ್ಯ ಮೇಲಿನಿಂದ ಜಾರುತ್ತಾರೆ, ಕೆಳಗೆ ನಿಂತವರು ಹಿಡಿದುಕೊಳ್ಳುತ್ತಾರೆ. ಆಮೇಲೆ ಶುರುವಾಗುವುದು ಅರ್ಥ ಬಿಡಿಸುವ ಕೆಲಸ. ಮಳೆ ಹೇಗೆ, ಬೆಳೆ ಹೇಗೆ, ರಾಜ್ಯಭಾರ ಹೇಗೆ ಎಂದು ರಾಣೆಬೆನ್ನೂರಿನ ಬೀಜದ ಅಂಗಡಿಯಿಂದ ಬ್ಯಾಡಗಿಯ ದಲಾಲಿ ಅಂಗಡಿಯವರೆಗೆ ಅದೇ ಮಾತು.

ಕಾರ್ಣಿಕ ಎಂಬ ಈ ಭವಿಷ್ಯದ ನುಡಿಯ ಬಗ್ಗೆ ಬರೆದವರು ಬಹಳ ಮಂದಿ. ಅದು ನಡೆಯುವ ಹೊತ್ತಿನ ಬಗ್ಗೆ ಬರೆದವರು ಕಡಿಮೆ. ಆಯುಧಪೂಜೆ ಬರುವುದು ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ನಾಲ್ಕನೆಯ ವಾರದೊಳಗೆ. ಒಕ್ಕಲುತನದ ಲೆಕ್ಕದಲ್ಲಿ ಹಸ್ತಿ, ಚಿತ್ತಿ ಮಳೆಗಳ ಕಾಲ. ಮುಂಗಾರು ಹಿಂದೆ ಸರಿಯುವುದು, ಗಾಳಿ ದಿಕ್ಕು ಬದಲಿಸಿ ಈಶಾನ್ಯದಿಂದ ಬೀಸತೊಡಗುವುದು ಇದೇ ದಿನಗಳಲ್ಲಿ. ನಾಲ್ಕು ತಿಂಗಳು ಅರಬ್ಬಿ ಸಮುದ್ರದ ಕಡೆ ನೋಡುತ್ತಿದ್ದ ನಾಡು ಇನ್ನು ಬಂಗಾಳ ಕೊಲ್ಲಿಯ ಕಡೆ ತಿರುಗಬೇಕು. ಚಂಡಮಾರುತಗಳ ದೊಡ್ಡ ಹಂಗಾಮು ಕೊಲ್ಲಿಯಲ್ಲಿ ತೆರೆದುಕೊಳ್ಳುವುದೂ ಆಗಲೇ. ವರ್ಷದ ಮಳೆ ಹೇಗೆಂದು ಕೇಳಲು ನಮ್ಮ ಹಿರಿಯರು ಆರಿಸಿಕೊಂಡದ್ದು ಮುಗಿಲು ಮಗ್ಗುಲು ಬದಲಿಸುವ ದಿನವನ್ನು. ಇದು ಕಾಕತಾಳೀಯ ಎಂದು ನನಗೆ ಅನ್ನಿಸುವುದಿಲ್ಲ.

ನಕಾಶೆಯ ಮೇಲೆ ಗೆರೆ ಎಳೆದರೆ ಗುಡ್ಡದಿಂದ ಕುಮಟಾ ಕಡಲ ದಂಡೆ ಸುಮಾರು 120 ಕಿ.ಮೀ. ನಡುವೆ ಸಹ್ಯಾದ್ರಿ ಅಡ್ಡ ನಿಂತಿದೆ. ಮುಂಗಾರು ತನ್ನ ಹೊರೆಯನ್ನೆಲ್ಲ ಘಟ್ಟದಲ್ಲೇ ಇಳಿಸಿ ಬರುತ್ತದೆ. ಹಾನಗಲ್ ದಾಟಿ ರಾಣೆಬೆನ್ನೂರಿಗೆ ಬರುವಾಗ ಮೋಡಗಳು ಹಗುರಾಗಿರುತ್ತವೆ. ಪೂರ್ವಕ್ಕೆ ನೆಲ್ಲೂರಿನ ಕರಾವಳಿ ಸುಮಾರು 500 ಕಿ.ಮೀ. ದೂರ. ಆ ಕಡೆ ಇಷ್ಟು ಎತ್ತರದ, ಉದ್ದದ ಗೋಡೆಯಿಲ್ಲ. ಚೆನ್ನೈ, ನೆಲ್ಲೂರಿನ ಬಳಿ ದಡ ಹತ್ತಿದ ಚಂಡಮಾರುತ ನೆಲದ ಮೇಲೆ ಸೊರಗಿ ಬರೀ ವಾಯುಭಾರ ಕುಸಿತವಾಗಿ ಉಳಿದರೂ ಅದರ ಮೋಡಗಳು ಬಯಲುಸೀಮೆ ದಾಟಿ ಇಲ್ಲಿಯವರೆಗೆ ಬರಬಲ್ಲವು. ಕಡಲನ್ನೇ ಕಾಣದ ಊರಿಗೆ ಕಡಲಿನ ಗಾಳಿ ತಲುಪುವ ಬಗೆ ಇದು.

ಆ ಕಡಲಿನ ಚರಿತ್ರೆ ಘೋರವಾದದ್ದು. 1864ರ ಅಕ್ಟೋಬರ್ 5ರಂದು ಕಲ್ಕತ್ತೆಗೆ ಬಡಿದ ಚಂಡಮಾರುತ ಸಾವಿರಾರು ಜನರನ್ನು ಕೊಂದು, ಹೂಗ್ಲಿಯಲ್ಲಿ ಲಂಗರು ಹಾಕಿದ್ದ ಹಡಗುಗಳನ್ನು ದಂಡೆಗೆ ಎಸೆಯಿತು. ಬಂದರುಗಳಿಗೆ ಮುನ್ನೆಚ್ಚರಿಕೆ ಕೊಡುವ ವ್ಯವಸ್ಥೆ ಹುಟ್ಟಿದ್ದು ಆ ಹೊಡೆತದಿಂದ. 1875ರಲ್ಲಿ ಭಾರತೀಯ ಹವಾಮಾನ ಇಲಾಖೆ ಸ್ಥಾಪನೆಯಾಯಿತು. 1977ರ ನವೆಂಬರ್ 19ರಂದು ಆಂಧ್ರದ ದಿವಿಸೀಮೆಗೆ ನುಗ್ಗಿದ ಕಡಲು ಹತ್ತು ಸಾವಿರಕ್ಕೂ ಹೆಚ್ಚು ಜೀವ ಒಯ್ದಿತು. ಅದೇ ತಿಂಗಳು ನಾಗಪಟ್ಟಣದ ಬಳಿ ದಡ ಹತ್ತಿದ್ದ ಇನ್ನೊಂದು ಚಂಡಮಾರುತ ತಮಿಳುನಾಡನ್ನು ಅಡ್ಡ ಹಾಯ್ದು ಅರಬ್ಬಿ ಸಮುದ್ರಕ್ಕೆ ಇಳಿದು, ಅಲ್ಲಿ ಮತ್ತೆ ಬಲ ಪಡೆಯಿತು. ಒಂದು ಕಡಲಲ್ಲಿ ಹುಟ್ಟಿ ಇನ್ನೊಂದು ಕಡಲಲ್ಲಿ ಮರುಜನ್ಮ ಪಡೆದ ಗಾಳಿ ಅದು. 1999ರಲ್ಲಿ ವಿಜಯದಶಮಿ ಕಳೆದು ಹತ್ತು ದಿನಕ್ಕೆ, ಅಕ್ಟೋಬರ್ 29ರಂದು, ಒಡಿಶಾದ ಮಹಾ ಚಂಡಮಾರುತ ಸುಮಾರು ಹತ್ತು ಸಾವಿರ ಜನರನ್ನು ಬಲಿ ತೆಗೆದುಕೊಂಡಿತು.

ನಮ್ಮ ಭಾಗದವರು ಮರೆಯಲಾಗದ್ದು 2009. ಆ ವರ್ಷ ಸೆಪ್ಟೆಂಬರ್ 28ಕ್ಕೆ ವಿಜಯದಶಮಿ. ಬನ್ನಿ ಹಂಚಿ ಮನೆಗೆ ಬಂದವರು ಒಂದೆರಡು ದಿನದಲ್ಲೇ ಹಿಂದೆಂದೂ ಕಾಣದ ಮಳೆ ಕಂಡರು. ಕೊಲ್ಲಿಯಲ್ಲಿ ಎದ್ದದ್ದು ಚಂಡಮಾರುತವೂ ಅಲ್ಲ, ಹೆಸರಿಲ್ಲದ ವಾಯುಭಾರ ಕುಸಿತ. ಆಂಧ್ರದ ಕಡೆಯಿಂದ ಒಳನಾಡಿಗೆ ಬಂದು ಅದು ನಿಂತೇ ಬಿಟ್ಟಿತು. ಉತ್ತರ ಕರ್ನಾಟಕದಲ್ಲಿ ಮಣ್ಣಿನ ಮನೆಗಳು ಕುಸಿದವು, ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು, ತುಂಗಭದ್ರೆ ಉಕ್ಕಿ ಮಂತ್ರಾಲಯ ಮುಳುಗಿತು. ದೂರದ ಕಡಲಿನ ಸುದ್ದಿ ಮೀನುಗಾರರಿಗೆ ಮಾತ್ರ ಸಂಬಂಧಿಸಿದ್ದು ಎಂದು ಅಂದುಕೊಂಡಿದ್ದವರಿಗೆ ಆ ವಾರ ಸಾಕಾಯಿತು.

2023ರದು ಇನ್ನೊಂದು ಬಗೆ, ನನ್ನ ಮಟ್ಟಿಗೆ ಇದೇ ಹೆಚ್ಚು ಯೋಚಿಸಬೇಕಾದದ್ದು. ಆ ವರ್ಷದ ಕಷ್ಟ ಜೂನ್‌ನಲ್ಲೇ ಶುರುವಾಗಿತ್ತು. ಅರಬ್ಬಿ ಸಮುದ್ರದಲ್ಲಿ ಎದ್ದ ಬಿಪರ್‌ಜಾಯ್ ಚಂಡಮಾರುತ ತೇವವನ್ನೆಲ್ಲ ತನ್ನ ಸುತ್ತ ಸೆಳೆದುಕೊಂಡು ಹತ್ತು ದಿನ ಕಡಲ ಮೇಲೆ ಕಾಲ ಕಳೆದು ಜೂನ್ 15ರಂದು ಗುಜರಾತಿನ ಜಖೌ ಬಳಿ ದಡ ಸೇರಿತು. ಕೇರಳಕ್ಕೆ ಮುಂಗಾರು ಬಂದದ್ದು ಜೂನ್ 8ಕ್ಕೆ. ಬಂದ ಮೇಲೂ ಅದಕ್ಕೆ ಕಸುವಿರಲಿಲ್ಲ. ಹದವಾದ ಮಳೆಯಿಲ್ಲದೆ ಬಿತ್ತನೆ ತಡವಾಯಿತು. ಆ ವರ್ಷ ಸರ್ಕಾರ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಘೋಷಿಸಿತು. ಅಂಥ ವರ್ಷದ ಅಕ್ಟೋಬರ್ 23ರಂದು ಆಯುಧಪೂಜೆ. ಅಂದು ಭಾರತದ ಎರಡೂ ಮಗ್ಗುಲಿನ ಕಡಲಲ್ಲಿ ಚಂಡಮಾರುತಗಳಿದ್ದವು. ಪಶ್ಚಿಮದಲ್ಲಿ ತೇಜ್ ಯೆಮನ್ ತೀರವನ್ನು ಸಮೀಪಿಸುತ್ತಿತ್ತು. ಪೂರ್ವದಲ್ಲಿ, ಅದೇ ಸಂಜೆಯ ಹೊತ್ತಿಗೆ, ಹಮೂನ್ ಚಂಡಮಾರುತವಾಗಿ ಮೈತುಂಬಿ ಬಾಂಗ್ಲಾದೇಶದ ದಾರಿ ಹಿಡಿಯಿತು. ಎರಡರ ನಡುವೆ ಇದ್ದ ಈ ನೆಲಕ್ಕೆ ದಕ್ಕಿದ್ದು ಒಣ ಗಾಳಿ. ಚಂಡಮಾರುತ ಬಂದರೆ ಹಾಳು, ಬಾರದಿದ್ದರೆ ಒಳ್ಳೆಯದು ಎಂಬ ಕರಾವಳಿಯ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಹಿಂಗಾರಿ ಜೋಳಕ್ಕೆ, ಕಡಲೆಗೆ, ಕೆರೆಗೆ ಕೊಲ್ಲಿಯ ಒಂದು ಸೌಮ್ಯ ಕುಸಿತ ಬೇಕೇ ಬೇಕು.

ಚಂಡಮಾರುತಗಳು ಇದೇ ಹೊತ್ತಿಗೆ ಏಳುವುದೇಕೆ ಎಂಬುದಕ್ಕೆ ಕಾರಣ ನೀರಿನ ಬಿಸಿಯಲ್ಲಿ, ಗಾಳಿಯ ಎಳೆತದಲ್ಲಿದೆ. ಕಡಲಿನ ಮೇಲ್ಪದರ 26 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಿದ್ದರೆ ಏಳುವ ಆವಿ ಮೋಡವಾಗುವಾಗ ಬಿಡುವ ಶಾಖವೇ ಚಂಡಮಾರುತದ ಆಹಾರ. ಭೂಮಿಯ ತಿರುಗಾಟ ಅದಕ್ಕೆ ಸುತ್ತು ಕೊಡುತ್ತದೆ. ಮುಂಗಾರಿನ ತಿಂಗಳುಗಳಲ್ಲಿ ಮೇಲಿನ ಗಾಳಿ, ಕೆಳಗಿನ ಗಾಳಿ ಬೇರೆ ಬೇರೆ ದಿಕ್ಕಿಗೆ ಬಿರುಸಾಗಿ ಎಳೆಯುವುದರಿಂದ ಆ ಸುತ್ತು ಎತ್ತರಕ್ಕೆ ಕಟ್ಟಿಕೊಳ್ಳಲಾರದು. ಅದಕ್ಕೇ ಏಪ್ರಿಲ್‌ನಿಂದ ಜೂನ್ ಮೊದಲ ಭಾಗ, ಅಕ್ಟೋಬರ್‌ನಿಂದ ಡಿಸೆಂಬರ್ ಎಂದು ಎರಡು ಹಂಗಾಮು. ಹಿಂದಿನಿಂದ ಬಂದ ಲೆಕ್ಕದಲ್ಲಿ ಕೊಲ್ಲಿಯಲ್ಲಿ ನಾಲ್ಕು ಎದ್ದರೆ ಅರಬ್ಬಿ ಸಮುದ್ರದಲ್ಲಿ ಒಂದು. ಈ ಲೆಕ್ಕ ಈಗ ಸಡಿಲವಾಗುತ್ತಿದೆ. ಅರಬ್ಬಿ ಸಮುದ್ರ ಬಿಸಿಯಾಗುತ್ತಿದೆ; 2007ರ ಗೋನು ಆದ ಮೇಲೆ 2019ರ ಅಕ್ಟೋಬರ್‌ನಲ್ಲಿ ಕ್ಯಾರ್ ಅಲ್ಲಿ ಮಹಾ ಚಂಡಮಾರುತದ ಬಲಕ್ಕೆ ಏರಿತು, 2021ರ ಮೇ ತಿಂಗಳಲ್ಲಿ ತೌಕ್ತೆ ನಮ್ಮ ಕರಾವಳಿಯನ್ನು ಸವರಿಕೊಂಡೇ ಗುಜರಾತಿಗೆ ಹೋಯಿತು.

ಗುಡ್ಡದ ಸುತ್ತಲಿನ ಹೊಲಗಳಲ್ಲಿ ಅಕ್ಟೋಬರ್, ನವೆಂಬರ್ ಎಂದರೆ ಗೋವಿನಜೋಳ ಮುರಿದು ಕಣಕ್ಕೆ ತರುವ ಕಾಲ. ನಾಲ್ಕು ದಿನ ಬಿಸಿಲು ಕಾಣದೆ ಜಡಿಮಳೆ ಹಿಡಿದರೆ ತೆನೆಯಲ್ಲೇ ಮೊಳಕೆ ಬರುತ್ತದೆ, ಬೂಸ್ಟು ಹಿಡಿಯುತ್ತದೆ. ಬಿಡಿಸಲು ಬಂದ ಹತ್ತಿ ತೊಯ್ದು ಬಣ್ಣಗೆಡುತ್ತದೆ. ಮೆಣಸಿನಕಾಯಿಯದು ಇನ್ನೂ ಸೂಕ್ಷ್ಮ. ಕೆಂಪು ಬಣ್ಣ ಮತ್ತು ನೆರಿಗೆಗೆ ಹೆಸರಾಗಿ 2011ರಲ್ಲಿ ಭೌಗೋಳಿಕ ಸೂಚಿ ಪಡೆದ ಬ್ಯಾಡಗಿ ಮೆಣಸಿನಕಾಯಿಗೆ ಬೆಲೆ ಕಟ್ಟುವುದೇ ಬಣ್ಣ ನೋಡಿ. ಹಣ್ಣಾಗುವಾಗ ಮಳೆ ಬಿದ್ದರೆ ಕಾಯಿ ಬೆಳ್ಳಗಾಗುತ್ತದೆ, ಬೆಲೆ ಬಿದ್ದುಹೋಗುತ್ತದೆ. ವರ್ಷದ ಸಾಲ, ಮದುವೆ, ಮಕ್ಕಳ ಫೀ ಎಲ್ಲ ನಿಂತಿರುವುದು ಆ ಬಣ್ಣದ ಮೇಲೆ.

ಆದ್ದರಿಂದ 'ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ' ಎಂಬ ಸುದ್ದಿ ಇಲ್ಲಿ ಕರಾವಳಿಯಷ್ಟೇ ಗಂಭೀರ. ಕೊಲ್ಲಿಯಲ್ಲಿ ಕುಸಿತ ಉಂಟಾಗಿ ಅದರ ಮೋಡ ಹಾವೇರಿಗೆ ಮುಟ್ಟಲು ಸಾಮಾನ್ಯವಾಗಿ ಎರಡು ಮೂರು ದಿನ ಬೇಕು. ಕಣದ ರಾಶಿಗೆ ತಾಡಪಾಲು ಹೊದಿಸಲು, ಹತ್ತಿ ಬಿಡಿಸಿಕೊಳ್ಳಲು, ಬಿತ್ತುವುದನ್ನು ತಡೆಹಿಡಿಯಲು ಅಷ್ಟು ಸಮಯ ಸಾಕು, ಸುದ್ದಿ ಹೊಲದವರೆಗೆ ಮುಟ್ಟಿದರೆ. ರಾಣೆಬೆನ್ನೂರು ತಾಲ್ಲೂಕಿನ ಹನುಮನಮಟ್ಟಿಯಲ್ಲೇ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೃಷಿ ವಿಜ್ಞಾನ ಕೇಂದ್ರವಿದೆ. ಕಾರ್ಣಿಕಕ್ಕೆ ಬರುವ ಜನ ಹೆಚ್ಚಿನವರು ಒಕ್ಕಲಿಗರೇ. ಜಾತ್ರೆಯ ಮಳಿಗೆಗಳ ಸಾಲಿನಲ್ಲಿ ಹವಾಮಾನ ಮುನ್ಸೂಚನೆಯನ್ನು ಓದಿ ಹೇಳುವ, ಮೊಬೈಲಿಗೆ ಸಂದೇಶ ಬರುವಂತೆ ಹೆಸರು ಬರೆಸಿಕೊಳ್ಳುವ ಒಂದು ಮಳಿಗೆ ಪ್ರತಿ ವರ್ಷ ಇರಬೇಕೆಂಬುದು ನನ್ನ ಗಟ್ಟಿ ಒತ್ತಾಯ. ಮಾಲತೇಶನ ನುಡಿಗೆ ಅದರಿಂದ ಯಾವ ಕುಂದೂ ಇಲ್ಲ. ಭಂಡಾರ ಹಚ್ಚಿಕೊಂಡು ಬಂದವರಿಗೆ ಬೇಕಾಗಿರುವುದು ಮಳೆಯ ಸುದ್ದಿಯೇ ಅಲ್ಲವೆ?

ಗುಡ್ಡದ ಮೇಲೆ ಮಾಲತೇಶ ಮತ್ತು ಗಂಗಿಮಾಳವ್ವನ ದರ್ಶನಕ್ಕೆ ವರ್ಷವಿಡೀ ಜನ ಬರುತ್ತಾರೆ. ಕರಿ ಕಂಬಳಿಯ ನಿಲುವಂಗಿ, ಕರಡಿ ಕೂದಲಿನ ಟೊಪ್ಪಿಗೆ ತೊಟ್ಟ ಗೊರವರನ್ನು ಸಾಮಾನ್ಯ ದಿನಗಳಲ್ಲೂ ಕಾಣಬಹುದು. ಹುಬ್ಬಳ್ಳಿ–ಬೆಂಗಳೂರು ರೈಲು ಮಾರ್ಗದಲ್ಲಿ ರಾಣೆಬೆನ್ನೂರು ಮತ್ತು ಬ್ಯಾಡಗಿಯ ನಡುವೆ ದೇವರಗುಡ್ಡ ಹೆಸರಿನದೇ ನಿಲ್ದಾಣವಿದೆ. ಬಸ್ಸಿಗೆ ರಾಣೆಬೆನ್ನೂರು ಅನುಕೂಲ. ಕಾರ್ಣಿಕ ನೋಡಬೇಕೆನ್ನುವವರು ಆಯುಧಪೂಜೆಯ ದಿನ ಮಧ್ಯಾಹ್ನದೊಳಗೇ ತಲುಪುವುದು ಲೇಸು, ಜೊತೆಗೊಂದು ಛತ್ರಿಯೂ ಇರಲಿ, ಚಿತ್ತಿ ಮಳೆಯನ್ನು ನಂಬುವಂತಿಲ್ಲ.