ವೈಫೈಗೂ ಹಾಜರಿ ಕರೆಯಿರಿ

ಪೋಷಕರೇ, ತಾಳವಾಡಿಯಲ್ಲಾಗಲಿ ಹೊಸೂರಿನಲ್ಲಾಗಲಿ ಕನ್ನಡದಲ್ಲೇ ಗಣಿತ, ವಿಜ್ಞಾನ ಹೇಳಿಕೊಡುವ ಟ್ಯೂಷನ್ ಮನೆಯ ಹತ್ತಿರ ಸಿಗುವುದು ಕಷ್ಟ. ಪಾಠ ಅರ್ಥವಾಗದಿದ್ದರೆ ಯೂಟ್ಯೂಬಿನ ಕನ್ನಡ ಪಾಠಗಳೇ ಗತಿ. ಕರ್ನಾಟಕದ ಪಠ್ಯ ಬೇರೆಯಾದರೂ ಭಿನ್ನರಾಶಿ ಭಿನ್ನರಾಶಿಯೇ ತಾನೆ? ಅದಕ್ಕೆಂದೇ ನೀವು ಮನೆಗೆ ಇಂಟರ್‌ನೆಟ್ ಹಾಕಿಸಿರುತ್ತೀರಿ. ಆದರೆ ಸಂಜೆ ಮಗು ಕುಳಿತಾಗ ವಿಡಿಯೊ ನಿಂತು ನಿಂತು ಬರುತ್ತದೆ. 'ಡೇಟಾ ಎಲ್ಲ ಆಟಕ್ಕೇ ಮುಗಿಸಿದೆಯಾ' ಎಂದು ಗದರುವ ಮೊದಲು, ಆ ಲೈನಿನಲ್ಲಿ ಯಾರು ಯಾರು ಇದ್ದಾರೆಂದು ನೋಡಿ.

ನಮ್ಮ ಶಾಲೆಯ ಹಾಜರಿ ಪುಸ್ತಕದಂತೆ ರೂಟರಿನೊಳಗೂ ಒಂದು ಪಟ್ಟಿ ಇರುತ್ತದೆ. ವೈಫೈಗೆ ಸೇರಿದ ಮೊಬೈಲಿನಲ್ಲಿ ಬ್ರೌಸರ್ ತೆರೆದು, ರೂಟರಿನ ಅಡಿಯಲ್ಲಿ ಅಂಟಿಸಿದ ಚೀಟಿಯ ವಿಳಾಸ ಹಾಕಿ. ಹೆಚ್ಚಾಗಿ ಅದು 192.168.1.1 ಅಥವಾ 192.168.0.1. ಯೂಸರ್‌ನೇಮ್, ಪಾಸ್‌ವರ್ಡ್ ಚೀಟಿಯಲ್ಲಿ ಇಲ್ಲದಿದ್ದರೆ ಲೈನ್ ಹಾಕಿದವರನ್ನು ಕೇಳಿ. ಒಳಗೆ 'ಕನೆಕ್ಟೆಡ್ ಡಿವೈಸಸ್' ಅಥವಾ 'ವೈರ್‌ಲೆಸ್ ಕ್ಲೈಂಟ್ಸ್' ಎಂಬಂಥ ಪಟ್ಟಿ ಸಿಗುತ್ತದೆ. 'ಡಿಎಚ್‌ಸಿಪಿ' ಪಟ್ಟಿಯಲ್ಲಿ ಹೊರಟುಹೋದ ಮೊಬೈಲಿನ ಹೆಸರೂ ಕೆಲವು ಗಂಟೆ ಉಳಿದಿರಬಹುದು, ಗಾಬರಿ ಬೇಡ.

ಪ್ರತಿ ಹೆಸರಿನ ಮುಂದೆ 12 ಅಂಕಿ-ಅಕ್ಷರಗಳ ಮ್ಯಾಕ್ ವಿಳಾಸವಿರುತ್ತದೆ, ದಾಖಲಾತಿ ಸಂಖ್ಯೆಯಂತೆ. ಈಗಿನ ಮೊಬೈಲುಗಳು ನಿಜವಾದ ಸಂಖ್ಯೆ ಮುಚ್ಚಿಟ್ಟು ಬೇರೆಯದನ್ನು ಕೊಡುವುದುಂಟು. ಹಾಗಾಗಿ ಗುರುತು ಹಿಡಿಯಲು ಮನೆಯ ಮೊಬೈಲು, ಟಿವಿಗಳ ವೈಫೈಯನ್ನು ಒಂದೊಂದಾಗಿ ಆಫ್ ಮಾಡಿ, ಪುಟವನ್ನು ಮತ್ತೆ ತೆರೆದು ಯಾವ ಸಾಲು ಹೋಯಿತೆಂದು ನೋಡಿ. ಮಗುವನ್ನೇ ಕೂರಿಸಿಕೊಂಡು 'ಅಪ್ಪನ ಫೋನ್', 'ಟಿವಿ' ಎಂದು ನೋಟ್‌ಬುಕ್ಕಿನಲ್ಲಿ ಬರೆಸಿ. ಕೊನೆಗೆ ನಿಮ್ಮ ಕೈಯಲ್ಲಿರುವ ಫೋನೊಂದೇ ಉಳಿಯಬೇಕು. ಇನ್ನೊಂದು ಉಳಿದರೆ, ಅದು ಮೂಲೆಯಲ್ಲಿ ಮರೆತ ಹಳೆಯ ಟ್ಯಾಬ್ ಇರಬಹುದು. ಪಕ್ಕದ ಮನೆಯದೂ ಇರಬಹುದು.

ಕೆಲವು ರೂಟರ್‌ಗಳು ಯಾವುದು ಎಷ್ಟು ಡೇಟಾ ಎಳೆಯಿತು ಎಂಬುದನ್ನೂ ತೋರಿಸುತ್ತವೆ. ಎಚ್‌ಡಿ ವಿಡಿಯೊಗೆ ಗಂಟೆಗೆ ಸುಮಾರು 1ರಿಂದ 3 ಜಿಬಿ ಬೇಕು. ಪಠ್ಯಪುಸ್ತಕದ ಪಿಡಿಎಫ್‌ಗೆ ಅದರ ಸಣ್ಣ ಪಾಲು ಸಾಕು. ಹೆಚ್ಚು ಎಳೆದದ್ದು ನಡುಮನೆಯ ಟಿವಿ ಎಂದು ಗೊತ್ತಾದರೆ, ಪಾಠದ ಹೊತ್ತಿಗೆ ಧಾರಾವಾಹಿ ನಿಲ್ಲಲಿ. ಮಗುವಿನ ಫೋನೇ ಆದರೂ ಲೆಕ್ಕ ಹೇಳುವುದು ಎಷ್ಟು ಎಂಬುದನ್ನು ಮಾತ್ರ. ನೋಡಿದ್ದು ಪಾಠವೋ ಆಟವೋ ಎಂಬುದನ್ನು ಮಗುವಿನ ಹತ್ತಿರ ಕೂತು ಕೇಳಿಯೇ ತಿಳಿಯಬೇಕು.

ಹೊರಗಿನವರು ಸೇರಿದ್ದರೆ ವೈಫೈ ಪಾಸ್‌ವರ್ಡ್ ಬದಲಿಸಿ. ಹಳಬರೆಲ್ಲ ಒಮ್ಮೆಗೇ ಹೊರಗಾಗುತ್ತಾರೆ. ಸೆಕ್ಯುರಿಟಿ ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3 ಇರಲಿ, ಡಬ್ಲ್ಯುಪಿಎಸ್ ಆಫ್ ಇರಲಿ. ರೂಟರಿನ ಲಾಗಿನ್ ಪಾಸ್‌ವರ್ಡ್ ಬೇರೆಯದು, ಅದನ್ನೂ ಬದಲಿಸಿ. ಕನೆಕ್ಷನ್ ನಿಮ್ಮ ಹೆಸರಿನಲ್ಲಿದೆ. ಯಾರಾದರೂ ಅದರಲ್ಲಿ ಕೆಟ್ಟ ಕೆಲಸ ಮಾಡಿದರೆ ವಿಚಾರಣೆ ಮೊದಲು ಬರುವುದು ನಿಮ್ಮ ಬಾಗಿಲಿಗೆ. ಪಕ್ಕದ ಮನೆಯ ಮಗುವೂ ಓದಲೆಂದು ಕೊಡುವುದಾದರೆ ಸಂತೋಷದಿಂದ ಕೊಡಿ, ಆದರೆ 'ಗೆಸ್ಟ್ ನೆಟ್‌ವರ್ಕ್' ಮಾಡಿ ಕೊಡಿ.

ತಿಂಗಳಿಗೊಮ್ಮೆ, ಬಿಲ್ ಕಟ್ಟುವ ದಿನ ಈ ಹಾಜರಿ ಕರೆಯಿರಿ. ಮನೆಯಲ್ಲಿ ಹತ್ತನೇ ತರಗತಿಯವರಿದ್ದರೆ ಪರೀಕ್ಷೆ ಮುಗಿಯುವವರೆಗೆ ವಾರಕ್ಕೊಮ್ಮೆ.