ಪಣಂಬೂರಿನ ಪೆಲೆಟ್ ಕಾರ್ಖಾನೆ: ಶೇಕಡಾ ಲೆಕ್ಕ ಓದುವುದು ಹೇಗೆ?

ಮಂಗಳೂರಿನ ಪಣಂಬೂರಿನಲ್ಲಿರುವ ಕೆಐಒಸಿಎಲ್ ಕಾರ್ಖಾನೆಯ ಸಾಮರ್ಥ್ಯ ವರ್ಷಕ್ಕೆ 35 ಲಕ್ಷ ಟನ್ ಪೆಲೆಟ್. ಪೆಲೆಟ್ ಅಂದರೆ ಕಬ್ಬಿಣದ ಅದಿರಿನ ನುಣ್ಣನೆಯ ಪುಡಿಯನ್ನು ಉಂಡೆ ಕಟ್ಟಿ, ಸುಮಾರು 1300 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಸುಟ್ಟದ್ದು.

ಒಂದು ವರ್ಷ 17.5 ಲಕ್ಷ ಟನ್ ತಯಾರಾಯಿತು ಅಂತ ಇಟ್ಟುಕೊಳ್ಳಿ. ಆಗ ಸಾಮರ್ಥ್ಯ ಬಳಕೆ ಶೇ. 50. ನಲವತ್ತು ಕುರ್ಚಿಯ ಹೋಟೆಲಿಗೆ ಇಪ್ಪತ್ತೇ ಗಿರಾಕಿ ಬಂದರೂ ಬಾಡಿಗೆ ಕಡಿಮೆಯಾಗಲ್ಲ. ಕಾರ್ಖಾನೆಯದ್ದೂ ಅಷ್ಟೇ. ಕಾಯಂ ನೌಕರರ ಸಂಬಳ, ಬಡ್ಡಿ, ಸವಕಳಿ ನಿಲ್ಲುವುದಿಲ್ಲ. ತಯಾರಿ ಅರ್ಧವಾದರೆ ಪ್ರತಿ ಟನ್ ಮೇಲೆ ಬೀಳುವ ಆ ಖರ್ಚು ದುಪ್ಪಟ್ಟು.

ಶೇಕಡಾ ಇಳಿದ ಕೂಡಲೇ ಕೆಲಸಗಾರರನ್ನು ದೂರುವುದು ಸರಿಯಲ್ಲ. ಕಾರಣ ಅದಿರು, ಮಾರುಕಟ್ಟೆ, ಯಂತ್ರ ಯಾವುದೂ ಆಗಿರಬಹುದು. ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಕುದುರೆಮುಖದ ಗಣಿ ನಿಂತಿತು. ಅಲ್ಲಿಂದ ಕೊಳವೆಯಲ್ಲಿ ಹರಿದು ಬರುತ್ತಿದ್ದ ಅದಿರೂ ನಿಂತು, ದೂರದ ಛತ್ತೀಸಗಢದಿಂದಲೂ ತರಿಸುವ ಹಾಗಾಯಿತು. 2022ರ ಮೇ ತಿಂಗಳಲ್ಲಿ ಕೇಂದ್ರ ಸರಕಾರ ಪೆಲೆಟ್ ರಫ್ತಿಗೆ ಶೇ. 45 ಸುಂಕ ಹಾಕಿತು, ನವೆಂಬರ್‌ನಲ್ಲಿ ತೆಗೆಯಿತು. ಯಂತ್ರ ಸರಿಯಿದ್ದರೂ ಇಂಥ ಹೊತ್ತಲ್ಲಿ ಕಾರ್ಖಾನೆ ಓಡಿಸುವುದು ಕಷ್ಟ.

ಹಾಗಾಗಿ ಶೇಕಡಾ ಜೊತೆ ಎಷ್ಟು ದಿನ ಓಡಿತು, ಯಾಕೆ ನಿಂತಿತು ಅನ್ನುವುದನ್ನೂ ನೋಡಬೇಕು. ಕಂಪೆನಿಯ ವಾರ್ಷಿಕ ವರದಿ ಯಾರಿಗೂ ಸಿಗುತ್ತದೆ. ಗುತ್ತಿಗೆ ಕೆಲಸಕ್ಕೆ ಸೇರುವವರು, ಸಾಲ ಮಾಡಿ ಲಾರಿ ಇಳಿಸುವವರು ಮೊದಲು ಅದನ್ನೊಮ್ಮೆ ಓದಲಿ. ಉತ್ಪಾದನೆ ನಿಂತರೆ ಮೊದಲ ಪೆಟ್ಟು ಅವರಿಗೇ.